ತಾಮ್ರದ ಕೊಡದಲ್ಲಿ ಬಿಟ್ಟ ಮೀನು

ಚಿಕ್ಕೋಡಿ
೨ ನವೆಂಬರ್ ೨೦೧೨

ಮುಗಳಖೋಡದ ಅಕ್ಕ ತಾರವ್ವನಿಗೆ ತಮ್ಮ ಬಾಳೇಶನ ನಮಸ್ಕಾರ.

ನಮಸ್ಕಾರವನ್ನು ಮೊದಲೇ ಸಲ್ಲಿಸಿದ್ದೇನೆ. ಮುಂದಿನ ಸಾಲುಗಳಲ್ಲಿ ಅದಕ್ಕೆ ಜಾಗ ಸಿಗಲಾರದು. ಫೋನಿನಲ್ಲಿ ನೀನು ಅಳಲು ತೊಡಗುತ್ತೀಯೆ, ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ. ಆದ್ದರಿಂದ ಬರೆಯುತ್ತಿದ್ದೇನೆ.

ನವರಾತ್ರಿಯ ಘಟಸ್ಥಾಪನೆಯ ಮುನ್ನಾದಿನ ನಮ್ಮ ಮನೆ ತೊಳೆಯಲು ನೀನು ಬಂದೆ. ಮಗಳು ನೀಲಮ ತೀರಿಕೊಂಡ ವರ್ಷ ಘಟ ಹಾಕುವುದೇ ಬೇಡವೆಂದು ನಾನು ಹೇಳಿದ್ದೆ. ಸಾವಾದ ಮನೆಯೇ ಮೊದಲು ಹಸನಾಗಬೇಕೆಂದು ನೀನು ಹಟ ಹಿಡಿದೆ. ನನ್ನ ಹೆಂಡತಿ ಅನುಸೂಯಾ ಕೌದಿಗಳನ್ನು ಹೊತ್ತು ಹಳ್ಳಕ್ಕೆ ಹೋದಳು, ನಾನು ಕಚೇರಿಗೆ ಹೋದೆ. ನಮ್ಮಿಬ್ಬರ ಬೆನ್ನ ಹಿಂದೆ ನೀನು ನೀಲಮಳ ಮೀನಿನ ಗಾಜಿನ ತೊಟ್ಟಿ ತೊಳೆಯಲು ಕೈ ಹಾಕಿದೆ. ಯಾರ ಅಪ್ಪಣೆಯಿಂದ? ಜೂನ್ ತಿಂಗಳಲ್ಲಿ ನೀಲಮ ಹೋದಂದಿನಿಂದ ಅದನ್ನು ಅನುಸೂಯಾಳ ಹೊರತು ಬೇರೆ ಯಾರೂ ಮುಟ್ಟಿರಲಿಲ್ಲ.

ಮುಂದಿನದನ್ನು ಪಕ್ಕದ ಮನೆಯ ಲಗಮವ್ವನ ಬಾಯಿಂದ ಕೇಳಿದೆ. ಪಾಪ, ಆಕೆ ನಿನ್ನನ್ನು ಹೊಗಳಲೆಂದೇ ಹೇಳಿದಳು: "ನಿಮ್ಮಕ್ಕನ ಮಡಿ ಅಂದ್ರ ಮಡಿರಿ ಸರ! ಕೂಸಿನ ಮೀನ ಪ್ಲಾಸ್ಟಿಕ್ ಬಕೀಟದಾಗ ಇಡೂದ ಬ್ಯಾಡ ಅಂತ, ಹುಣಸಿಹಣ್ಣ ಹಚ್ಚಿ ತಿಕ್ಕಿದ ಪೂಜಿ ಕೊಡದಾಗ ಬಿಟ್ಳು. ಬಂಗಾರದಂಗ ಹೊಳಿತಿತ್ರಿ ಕೊಡ!" ಕೊಡ ಹೊಳೆಯಿತು, ಮೀನು ಸತ್ತಿತು. ಹುಳಿ ತಾಗಿದ ತಾಮ್ರ ನೀರಿನಲ್ಲಿ ವಿಷವಾಗಿ ಇಳಿಯುತ್ತದೆ. ದೇವರಿಗೆ ಶ್ರೇಷ್ಠವಾದ ಪಾತ್ರೆ ಮೀನಿಗೂ ಶ್ರೇಷ್ಠವೆಂದು ನೀನು ನಂಬಿದೆ. ಅದು ತಿಳಿಯದೆ ಆದ ತಪ್ಪು. ಅದಕ್ಕಾಗಿ ನಾನು ಈ ಕಾಗದ ಬರೆಯುತ್ತಿಲ್ಲ.

ನೀನು ಅಲ್ಲಿಗೆ ನಿಲ್ಲಲಿಲ್ಲ. ಸತ್ತದ್ದನ್ನು ಹಿತ್ತಿಲಲ್ಲಿ ಹೂತು, ನಿಪ್ಪಾಣಿಯ ಬಸ್ಸು ಹತ್ತಿ, ಅಂಥದೇ ಕೇಸರಿ ಬಣ್ಣದ ಇನ್ನೊಂದನ್ನು ತಂದು ಬಿಟ್ಟೆ. ಅನುಸೂಯಾ ಕೌದಿ ಒಣಗಿಸಿಕೊಂಡು ಬರುವಷ್ಟರಲ್ಲಿ ನೀಲಮ ಹೆಸರಿಟ್ಟ 'ಜಿಲೇಬಿ' ಮತ್ತೆ ಈಜುತ್ತಿತ್ತು! ಮೊನ್ನೆ ಫೋನಿನಲ್ಲಿ ಗದರಿಸಿ ಕೇಳಿದಾಗ ಎಲ್ಲವನ್ನೂ ಒಪ್ಪಿಕೊಂಡು ನೀನು ಕೊಟ್ಟ ಸಮರ್ಥನೆ ಏನು? "ಮೀನಿನ ಮಾರಿ ಮ್ಯಾಲ ಹೆಸರ ಬರದಿರ್ತೈತೇನೋ ಬಾಳ್ಯಾ? ಒಂದ ಹ್ವಾದರ ಇನ್ನೊಂದ."

ಒಂದು ಹೋದರೆ ಇನ್ನೊಂದು! ಈ ವಾದವನ್ನು ನಾನು ಮೊದಲ ಸಲ ಕೇಳುತ್ತಿಲ್ಲ. ನೀಲಮಳನ್ನು ಮಣ್ಣು ಮಾಡಿ ಬಂದ ದಿನ, ಕೈಕಾಲು ತೊಳೆಯುವ ಮೊದಲೇ, ನಮ್ಮ ಸೋದರಮಾವ ಮಾಳಸಿದ್ದ ನನ್ನ ಹೆಗಲ ಮೇಲೆ ಕೈಯಿಟ್ಟು "ಇನ್ನೂ ವಯಸ್ಸೈತಿ ಬಿಡಪಾ, ಇನ್ನೊಂದ ಆಕ್ಕೈತಿ" ಎಂದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿಗೆ ಉತ್ತರ ಕೊಡದೆ ಕುಳಿತವನಲ್ಲ ನಾನು. ಅಂದು ಕುಳಿತೆ. ಇಂದು ಉತ್ತರಿಸುತ್ತೇನೆ, ಅವನಿಗೂ ನಿನಗೂ. ಗಾಜಿನ ಮೇಲೆ ಬೆರಳು ಬಡಿದರೆ ಜಿಲೇಬಿ ಓಡಿ ಬರುತ್ತಿತ್ತು. ಒಂದು ಬೇಸಿಗೆ ಪೂರ್ತಿ, ಊಟದ ಕರೆಗೂ ಓಗೊಡದೆ, ನೀಲಮ ಅದಕ್ಕೆ ಕಲಿಸಿದ್ದಳು. ನೀನು ತಂದದ್ದು ಬೆರಳು ಕಂಡರೆ ಮೂಲೆ ಸೇರುತ್ತದೆ. ದಿನಾಲೂ ಬಡಿದು ನೋಡಿದ್ದೇನೆ. ನಿಪ್ಪಾಣಿಯ ಅಂಗಡಿಯಲ್ಲಿ ನಿನಗೆ ಬಣ್ಣ ಸಿಕ್ಕಿತು. ಆ ಬೇಸಿಗೆ ಯಾವ ಅಂಗಡಿಯಲ್ಲಿ ಸಿಗುತ್ತದೆ, ಹೇಳು.

ಆದ್ದರಿಂದ ನನ್ನ ನಿರ್ಣಯ ಇದು. ಈ ಸಲ ದೀಪಾವಳಿಯ ಭಾವುಬೀಜಕ್ಕೆ ನನಗೆ ಆರತಿ ಬೆಳಗಲು ಬರಬೇಡ. ಸತ್ತದ್ದನ್ನು ಸತ್ತಿತೆಂದು ಹೇಳುವ ಧೈರ್ಯವಿಲ್ಲದ ಅಕ್ಕನ ಆರತಿಗೆ ನಾನು ಮಣೆಯ ಮೇಲೆ ಕುಳಿತುಕೊಳ್ಳಲಾರೆ.

ಇಷ್ಟು ಬರೆದು ಮುಗಿಸಿದ,
ಬಾಳೇಶ

ತಾ.ಕ.: ಕಾಗದ ಮಡಚುತ್ತಿದ್ದಾಗ ಅನುಸೂಯಾ ಕರೆದಳು. ಇಷ್ಟು ದಿನ ಮೀನಿಗೆ ಕಾಳು ಹಾಕಿದ ತಕ್ಷಣ ಎದ್ದು ಹೋಗುತ್ತಿದ್ದವಳು ಇಂದು ತೊಟ್ಟಿಯ ಮುಂದೆ ಕುಳಿತು ಗಾಜನ್ನು ಮೆಲ್ಲಗೆ ಬಡಿಯುತ್ತಿದ್ದಳು. "ಜಿಲೇಬಿ ಯಾಕೋ ಸಿಟ್ಟಾಗೈತ್ರಿ, ಕರದರ ಬರವಲ್ದು. ಆಕಿ ಇಲ್ಲಂತ ಮರ್ತೈತೇನ?" ಎಂದಳು. ಜೂನ್ ನಂತರ ಮಗಳ ವಿಷಯ ಆಕೆಯ ಬಾಯಲ್ಲಿ ಬಂದದ್ದು ಇದೇ ಮೊದಲು. ನಾನು "ಹೌದು, ಮರ್ತೈತಿ. ಇಬ್ಬರೂ ಕೂಡಿ ಮತ್ತ ಕಲಸೂಣು" ಎಂದುಬಿಟ್ಟೆ. ಆಕೆ ಇನ್ನೂ ಅಲ್ಲೇ ಕುಳಿತಿದ್ದಾಳೆ.

ಭಾವುಬೀಜಕ್ಕೆ ಬಾ. ನೀನು ಬರದಿದ್ದರೆ ಆಕೆ ಕಾರಣ ಕೇಳುತ್ತಾಳೆ. ಮೀನಿನ ಮಾತು ಬಂದರೆ ಅದೇ ಮೀನು ಎಂದು ಹೇಳು. ತಡವರಿಸಬೇಡ, ನಾನು ತಡವರಿಸಲಿಲ್ಲ.