ವೈವಾದ ದಿನವೇ ಮಾವನ ತಿಥಿ

ಜೂನ್ 3, 2021
ಬೆಳಗ್ಗೆಯಿಂದ, ಆಗಲೇ ಸಲ್ಲಿಸಿರುವ ಪಿಎಚ್‌ಡಿ ಪ್ರಬಂಧ ಮತ್ತೆ ಓದುತ್ತ ಮೂರನೇ ಅಧ್ಯಾಯದಲ್ಲೇ ಒದ್ದಾಟ. ಆಕೆಯ ಕವಿತೆಗಳು. ಮುನ್ನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಬರೆದೇ ಹೊಟ್ಟೆ ಹೊರೆದ ಹೆಂಗಸು. ಪ್ರೇಮದ ಪದ್ಯಗಳಲ್ಲಿ ಎಂಥ ಎದೆಗಾರಿಕೆ! ನಾನೋ, ಮಲೇಷ್ಯಾದ ಪುಚೊಂಗಿನ ಈ ಕಾಂಡೋ ಫ್ಲ್ಯಾಟಿನಲ್ಲಿ ಕುಕ್ಕರ್ ಕೂಗಿದರೆ ಎದ್ದು ಓಡುವವಳು. ಲಾಕ್‌ಡೌನ್ ಬೇರೆ.

ಅತ್ತೆ ಗಿರಿಜಮ್ಮ — ಮಗನ ಮನೆ ನೋಡಲು ಬಂದು, ವಿಮಾನವಿಲ್ಲದೆ ಇಲ್ಲೇ ಉಳಿದವರು — ಬತ್ತಿ ಹೊಸೆಯುತ್ತ ಕೇಳಿದರು.

"ಗಂಡ ಇರ್ಲಿಲ್ವೇನೇ ಅವಳ್ಗೆ?"

"ಇದ್ದ ಅತ್ತೆ. ಬೇಗ ಹೋದ ಅಂತಾರೆ."

"ಮತ್ತೆ ಊಟಕ್ಕೆ?"

"ಬರೆದೇ. ಕಥೆ, ನಾಟಕ, ಪದ್ಯ."

ಮತ್ತೊಂದು ಬತ್ತಿಗೆ ಹತ್ತಿ ತೆಗೆದುಕೊಂಡರು.

ಜೂನ್ 7
ವೈವಾ — ಪ್ರಬಂಧದ ಮೌಖಿಕ ಪರೀಕ್ಷೆ — ಫಿಕ್ಸ್ ಆಯಿತು! ಹದಿನಾಲ್ಕಕ್ಕೆ, ಜೂಮ್‌ನಲ್ಲಿ. ಇಂಡಿಯಾದ ಹತ್ತು, ನಮಗೆ ಹನ್ನೆರಡೂವರೆ. ಈ ತಿಂಗಳು ಮುಗಿಯದಿದ್ದರೆ ಪಿಎಚ್‌ಡಿ ರಿಜಿಸ್ಟ್ರೇಷನ್ನೇ ರದ್ದು.

ಸಂಜೆ ಗಂಡ ಶ್ರೀಪತಿ ಪಂಚಾಂಗ ನೋಡಿ ಹೇಳಿದ — ಅವತ್ತೇ ಮಾವನವರ ತಿಥಿ. ಮೈಸೂರಿನ ಪುರೋಹಿತರೂ ಜೂಮ್‌ನಲ್ಲೇ, ಅದೇ ಹೊತ್ತಿಗೆ.

"ತಿಥಿ ಮುಂದಕ್ಕೆ ಹಾಕಕ್ಕಾಗತ್ತಾ? ವೈವಾ ಹಾಕ್ಬಹುದಲ್ವಾ?"

ಜೂನ್ 9
ನನ್ನನ್ನು ಕೇಳದೆ ನನ್ನ ಗೈಡ್‌ಗೆ ಮೇಲ್ ಹಾಕಿದ್ದಾನೆ ಗಂಡ — 'ಆನ್ ಬಿಹಾಫ್ ಆಫ್ ಮೈ ವೈಫ್', ಬೇರೆ ದಿನ ಕೊಡಿ ಅಂತ. ಇವನ ಸೈಬರ್‌ಜಯಾ ಆಫೀಸಿನ ಮೀಟಿಂಗಾ ಇದು, ರೀಶೆಡ್ಯೂಲ್ ಮಾಡುವುದಕ್ಕೆ? ನಾನೂ ಬರೆದೆ: 'ಹದಿನಾಲ್ಕಕ್ಕೇ ಹಾಜರಿರುತ್ತೇನೆ. ವಂದನಾ.' ಶ್ರೀಪತಿ ಮಾತು ಬಿಟ್ಟಿದ್ದಾನೆ. ಬಿಡಲಿ.

ಜೂನ್ 14, ಮಧ್ಯಾಹ್ನ 12.20
ಬೆಳಗಿನ ಜಾವವೇ ತಲೆಗೆ ನೀರು ಹಾಕಿಕೊಂಡು, ಮಡಿಯಲ್ಲಿ ಅಡುಗೆ ಮುಗಿಸಿದೆ. ವಡೆ, ಪಾಯಸ, ಎಲ್ಲ. ಪಿಂಡದ ಹೊತ್ತಿಗೆ ನಾನಿರುವುದಿಲ್ಲ ಎಂದೆ. ಅತ್ತೆ ನನ್ನ ಮುಖವನ್ನೂ ನೋಡಲಿಲ್ಲ. ಬೆಡ್‌ರೂಮಿಗೆ ಬಂದು ಚಿಲಕ ಹಾಕಿದ್ದೇನೆ. ಜೂಮ್‌ನ ವೇಟಿಂಗ್ ರೂಮ್. ಸುಮ್ಮನೆ ಕೂರಲಾಗುತ್ತಿಲ್ಲ, ಅದಕ್ಕೇ ಗೀಚುತ್ತಿದ್ದೇನೆ.

ಹೊರಗೆ ಮಂತ್ರ. ನಿಂತಿತು. ಶ್ರೀಪತಿ ಬಾಗಿಲು ಬಡಿದ.

"ವಂದನಾ, ಎಳ್ಳೆಲ್ಲಿ? ಪುರೋಹಿತ್ರು ಕಾಯ್ತಿದಾರೆ. ಒಂದ್ನಿಮಿಷ ಬಾ."

ಎದ್ದೆ. ಎದ್ದೇ ಬಿಟ್ಟೆ! ಹುಟ್ಟುಗುಣ ಸುಟ್ಟರೂ ಹೋಗದು. ಕೈ ಚಿಲಕದ ಮೇಲಿತ್ತು. ಆಗ ಅತ್ತೆಯ ದನಿ.

"ಅವಳನ್ನ ಕರೀಬೇಡ್ವೋ. ಬದುಕಿದ್ದಾಗ ನಿಮ್ಮಪ್ಪಂಗೆ ಎಲ್ಲಾ ಹುಡುಕಿ ಕೊಟ್ಟೋಳು ನಾನೇ. ಎಳ್ಳೂ ನಾನೇ ಕೊಡ್ತೀನಿ. ಅವಳು ಓದ್ಕೊಳ್ಳಿ."

ವಾಪಸ್ ಕುಳಿತೆ. ಸ್ಕ್ರೀನಿನಲ್ಲಿ ಮುಖಗಳು. ನನ್ನ ಹೆಸರು ಕರೆ—