ಮರಿಯಳ ಹಬ್ಬದ ಬುತ್ತಿ

ಒಬಿನಿತ್ಸ, ಸೆಪ್ಟೆಂಬರ್ ೨

ಮೊಮ್ಮಗಳು ಉಲ್ಯಾಳಿಗೆ,

ನಿನಗೆ ಬುದ್ಧಿ ಇದೆಯೇನೇ? “ಗಡಿಯ ಸಾಲಲ್ಲಿ ನಿಲ್ಬೇಡ ಅಜ್ಜಿ, ಮನೇಲೇ ಮೇಣದಬತ್ತಿ ಹಚ್ಚು” ಎಂದು ಬರೆಯುತ್ತೀಯಲ್ಲ, ಮೇಣದಬತ್ತಿಯಿಂದ ನಿನ್ನ ಅಜ್ಜನ ಹೊಟ್ಟೆ ತುಂಬುತ್ತದೆಯೇ? ಅವರು ಹೋದ ಮೇಲೆ ಹತ್ತೊಂಬತ್ತು ವರ್ಷ, ಪ್ರತಿ ಸಲ ಮಾತೆ ಮರಿಯಳ ಹಬ್ಬದಂದು ಗಡಿ ದಾಟಿ ನಿಮ್ಮ ಪೆತ್ಸೆರಿ ಊರಿಗೆ ಬಂದು, ಸಮಾಧಿಯ ಮೇಲೆ ಬಟ್ಟೆ ಹಾಸಿ ಅವರ ಜೊತೆ ಉಂಡಿದ್ದೇನೆ.

ಯುದ್ಧ ಶುರುವಾದಂದಿನಿಂದ ನಮ್ಮ ಕಡೆಯ ಯುರೋಪಿನವರೂ ನಿಮ್ಮ ಕಡೆಯ ರಷ್ಯಾದವರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಸಾಲಿನಲ್ಲಿ ನಿಲ್ಲುವವರು ನಾವು. ಈ ಸಲ ಹಬ್ಬದ ದಿನ ಬೆಳಗ್ಗೆ ಆರಕ್ಕೇ ಹೋಗಿ ನಿಂತೆ. ಸಂಜೆ ನನ್ನ ಮುಂದೆ ಇನ್ನು ನಾಲ್ಕೇ ಜನ ಇರುವಾಗ ಗೇಟು ಮುಚ್ಚಿದರು.

“ನಾಳೆ ಬನ್ನಿ ಅಜ್ಜಿ” ಎಂದ ಕಾವಲಿನವನು.

“ಹಬ್ಬ ಇವತ್ತು ಕಣಪ್ಪ. ನಾಳೆ ಅಂತ ಸತ್ತೋರಿಗೆ ನೀನೇ ಹೇಳು.”

ಸತ್ತವರಿಗೆಂದು ಕಟ್ಟಿದ ಬುತ್ತಿಯನ್ನು ಮನೆಗೆ ಹಿಂದಕ್ಕೆ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ. ರಸ್ತೆ ಪಕ್ಕದಲ್ಲೇ ಬಟ್ಟೆ ಹಾಸಿ ಮೊಟ್ಟೆ, ಚೀಸು, ಮೀನು ಇಟ್ಟೆ. ಸಾಲಿನಲ್ಲಿದ್ದ ನಮ್ಮೂರ ಲೀಡಿ ತೀರಿಹೋದ ತನ್ನ ತಾಯಿಯ ಹೆಸರು ಹೇಳಿ ಕೂತಳು. ಕಾವಲಿನವನೂ ಟೋಪಿ ತೆಗೆದು ಒಂದು ಮೊಟ್ಟೆ ತಿಂದ. ಎಲ್ಲರೂ ಉಂಡೆವು. ನಿನ್ನ ಅಜ್ಜ ಮಾತ್ರ ಇರಲಿಲ್ಲ.

ನನ್ನ ಮೊಣಕಾಲು ಇನ್ನು ಅಷ್ಟು ಹೊತ್ತು ನಿಲ್ಲದು. ಗುರುವಾರ ಲೀಡಿ ಗಡಿ ದಾಟಲು ಮತ್ತೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಈ ಪತ್ರದ ಜೊತೆ ಆ ಬಟ್ಟೆಯನ್ನೂ ಕೊಟ್ಟಿದ್ದೇನೆ. ಶನಿವಾರ ಸಮಾಧಿಯ ಮೇಲೆ ಹಾಸಿ, ಅವಸರ ಮಾಡದೆ ಕೂತು ಉಣ್ಣು. ನಾನು ಮರೆತಿಲ್ಲ, ಗೇಟು ಮುಚ್ಚಿದ್ದಾರೆ ಎಂದು ಅವರಿಗೆ ಹೇಳು. ಅವರಿಗೆ ಕಿವಿ ಮಂದ, ಗಟ್ಟಿಯಾಗಿ ಹೇಳು. ಬಟ್ಟೆ ಒಗೆದು ನಿನ್ನ ಬಳಿಯೇ ಇಟ್ಟುಕೋ.

ಹೋಗಿದ್ದೆಯೋ ಇಲ್ಲವೋ, ಅಕ್ಟೋಬರ್ ಹುಟ್ಟುವ ಮೊದಲು ಬರೆದು ಲೀಡಿಯ ಕೈಯಲ್ಲಿ ಕಳಿಸು.

ಓಕ್ಸೆ ಅಜ್ಜಿ