ದಡದ ಮೇಲೆ ಸೋರದ ದೋಣಿ

ದೋಣಿಗಳ ತಪಾಸಣೆ ಮಾಡಿ, ರಿಪೇರಿ ಶೆಡ್ಡುಗಳಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ನೀವು ಸೀಮೆಸುಣ್ಣದಲ್ಲಿ ‘ಸರಿ’ ಎಂದು ಗುರುತು ಹಾಕಿ ಕಳಿಸಿದ ನನ್ನ ದೋಣಿ ಸೋರುತ್ತಿದೆ. ಅದಕ್ಕಿಂತ ದೊಡ್ಡ ದೂರು ಇನ್ನೊಂದಿತ್ತು. ಅದೇ ಶೆಡ್ಡಿನಲ್ಲಿ, ಅದೇ ಮೇಸ್ತ್ರಿಯ ಕೈಯಲ್ಲಿ ರಿಪೇರಿಯಾದ ನನ್ನ ಷಡ್ಡಕನ ದೋಣಿ ಸೋರುತ್ತಿರಲಿಲ್ಲ. ಮೊದಲನೆಯದನ್ನು ಹೇಗೋ ಸಹಿಸಿಕೊಂಡೆ, ಎರಡನೆಯದು ನನ್ನ ಕೈಲಾಗಲಿಲ್ಲ. ಈ ಪತ್ರವನ್ನು ನಾನು ಶುರು ಮಾಡಿದ್ದೇ ಹೊಟ್ಟೆಕಿಚ್ಚಿನಿಂದ. ನಾಳೆ ಯಾರೋ ಬಂದು ನಿಮ್ಮ ಕಿವಿಯಲ್ಲಿ ಊದುವ ಬದಲು ನಾನೇ ಹೇಳಿಬಿಡುವುದು ಒಳ್ಳೆಯದು.

ನಾವಿಬ್ಬರೂ ಅಕ್ಕತಂಗಿಯರನ್ನು ಮದುವೆಯಾದವರು, ಒಂದೇ ದಡದಿಂದ ಜನರನ್ನು ಹೊಳೆ ದಾಟಿಸಿ ಬದುಕುವವರು. ದೊಡ್ಡ ಅಳಿಯ ನಾನು. ಆದರೂ ಮಾವನ ಮನೆಗೆ ಹೋದರೆ ಓಡಿಬಂದು ಕುರ್ಚಿ ಹಾಕುವುದು ಅವನಿಗೆ. ನನಗೆ ಸಿಗುವುದು “ನೀವು ಮನೆಯವರೇ ಅಲ್ವಾ” ಎಂಬ ಮಾತು ಮತ್ತು ಹೊಸ್ತಿಲ ಪಕ್ಕದ ಜಾಗ. ಇಷ್ಟು ಗೊತ್ತಾದರೆ ಮುಂದಿನದು ನಿಮಗೆ ಸುಲಭವಾಗಿ ಅರ್ಥವಾಗುತ್ತದೆ.

ಮರದ ದೋಣಿಯ ಬಗ್ಗೆ ನಿಮಗೆ ಪಾಠ ಹೇಳುವಷ್ಟು ದೊಡ್ಡವನಲ್ಲ ನಾನು. ಆದರೂ ನಿಮ್ಮ ಕಚೇರಿಯಲ್ಲಿ ನೀರಿನ ಓಡಾಟ ಕಡಿಮೆಯಾದ್ದರಿಂದ ನೆನಪು ಮಾಡುತ್ತೇನೆ. ಹಲಗೆಗಳ ನಡುವಿನ ಸಂದಿಯಲ್ಲಿ ಹತ್ತಿಯ ಎಳೆಯನ್ನು ಬಡಿದು ಕೂರಿಸಿ, ಮೇಲೆ ಕಾಯಿಸಿದ ರಾಳ ಬಳಿಯುತ್ತಾರೆ. ಹತ್ತಿ ಕೊಳೆತಾಗ ಪೂರ್ತಿ ಕಿತ್ತು ಹೊಸದನ್ನು ಬಡಿಯಬೇಕು. ನಮ್ಮ ಶೆಡ್ಡಿನ ಮೇಸ್ತ್ರಿ ಕೀಳುವ ಗೋಜಿಗೇ ಹೋಗುವುದಿಲ್ಲ. ಕೊಳೆತದ್ದರ ಮೇಲೆ ರಾಳ, ರಾಳದ ಮೇಲೆ ನೀಲಿ ಬಣ್ಣ, ಬಣ್ಣದ ಮೇಲೆ ನಿಮ್ಮ ಸೀಮೆಸುಣ್ಣ. ನೀವು ಬರುವ ಹೊತ್ತಿಗೆ ದೋಣಿ ದಿಮ್ಮಿಗಳ ಮೇಲೆ ಸಿಂಗಾರ ಮಾಡಿಕೊಂಡು ಕೂತಿರುತ್ತದೆ. ನೀವು ಬೆರಳಿನಿಂದ ಒಂದೆರಡು ಸಲ ತಟ್ಟಿ, ತಲೆಯಾಡಿಸಿ, ಮೇಸ್ತ್ರಿ ತರಿಸಿದ ಚಹಾ ಕುಡಿದು ಹೊರಡುತ್ತೀರಿ. ನೆಲದ ಮೇಲೆ ಸೋರುವ ದೋಣಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ ಮಾನ್ಯರೇ? ನಿಮ್ಮ ಈ ಪರೀಕ್ಷೆಯಲ್ಲಿ ನಮ್ಮ ಮನೆಯ ಮಂಚವೂ ಪಾಸಾಗುತ್ತದೆ.

ನೀರು ಬರುತ್ತಿದೆ ಎಂದು ಮೇಸ್ತ್ರಿಯ ಮುಂದೆ ಹೋಗಿ ನಿಂತೆ. ಅವನು ಕತ್ತೆತ್ತಿಯೂ ನೋಡಲಿಲ್ಲ.

“ಬರ್ದೆ ಇರುತ್ತಾ? ಬಿಸಿಲಲ್ಲಿ ಒಣಗಿದ ಹಲಗೆ ಅದು. ನೀರು ಕುಡಿದ್ರೆ ಉಬ್ಬುತ್ತೆ. ಉಬ್ಬಿದ್ರೆ ಸಂದಿ ತಾನೇ ಮುಚ್ಕೊಳ್ಳುತ್ತೆ.”

ಈ ಮಾತಿನಲ್ಲಿ ಅರ್ಧ ನಿಜವಿದೆ, ಅದೇ ತೊಂದರೆ. ಒಣಗಿದ ಹಲಗೆ ಉಬ್ಬುವುದು ಹೌದು. ಆದರೆ ಕೊಳೆತ ಹತ್ತಿ ಗಟ್ಟಿಯಾಗುವುದಿಲ್ಲ. ಯಾರು ಏನೇ ದೂರು ತಂದರೂ ಇದೇ ಉತ್ತರ ಬರುವುದರಿಂದ ದಡದ ಮೇಲೆ ಅವನಿಗೆ ‘ಉಬ್ಬುತ್ತೆ ಮೇಸ್ತ್ರಿ’ ಎಂದೇ ಹೆಸರು. ನಾನು ದನಿ ಏರಿಸಿದಾಗ ಅವನು ಕೊನೆಯ ಬಾಣ ಬಿಟ್ಟ.

“ನಿಮ್ಮ ಷಡ್ಡಕರನ್ನ ಕೇಳಿ. ಅವರದ್ದೂ ನಾನೇ ಮಾಡಿದ್ದು. ಒಂದು ಹನಿ ಬರಲ್ಲ ಅಂತಾರೆ.”

ಅವತ್ತಿನಿಂದ ನನ್ನ ದೋಣಿಯೂ ಸೋರುವುದಿಲ್ಲ ಎಂದು ಹೇಳಲು ಶುರು ಮಾಡಿದೆ. ಕಾಲಡಿಯ ನೀರನ್ನು ತೋರಿಸಿದವರಿಗೆ ಅಲೆ ಸಿಡಿದದ್ದು ಎಂದೆ. ಶೆಡ್ಡಿನ ಕೆಲಸ ಹೇಗೆ ಎಂದು ಕೇಳಿದವರಿಗೆ ಕಣ್ಣು ಮುಚ್ಚಿ ಕೊಡಬಹುದು ಎಂದೆ. ಅವನ ದೋಣಿ ಒಣಗಿರುವಾಗ ನನ್ನದೊಂದು ಸೋರುತ್ತದೆ ಎಂದು ಯಾವ ಬಾಯಲ್ಲಿ ಹೇಳಲಿ?

ನನ್ನ ಮಗಳು ಆಚೆ ದಡದ ಆಸ್ಪತ್ರೆಯಲ್ಲಿ ನರ್ಸ್. ಬಿಳಿ ಬಟ್ಟೆ, ಬಿಳಿ ಶೂ. ಕೆಲಸಕ್ಕೆ ಸೇರಿದ ದಿನದಿಂದ ಅವಳನ್ನು ದಾಟಿಸುವುದು ನಾನು. ಒಂದು ಬೆಳಗ್ಗೆ ಅವಳು ದೋಣಿ ಹತ್ತದೆ ನಿಂತಳು.

“ಅಪ್ಪ, ಬೇಜಾರು ಮಾಡ್ಕೋಬೇಡ. ಶೂ ಒದ್ದೆಯಾದ್ರೆ ಇಡೀ ದಿನ ನಿಂತು ಕೆಲಸ ಮಾಡೋಕಾಗಲ್ಲ. ಚಿಕ್ಕಪ್ಪನ ದೋಣೀಲಿ ಹೋಗ್ತೀನಿ.”

ಅವನು ಒಳಗೆ ಹೊಸ ಹಲಗೆಯ ನೆಲ ಹಾಸಿ, ಮೇಲೆ ರಬ್ಬರ್ ಮ್ಯಾಟು ಬೇರೆ ಹಾಕಿದ್ದ. ಕೈ ಚಾಚಿ ಅವಳನ್ನು ಹತ್ತಿಸಿಕೊಂಡ. ನಾನು ಖಾಲಿ ದೋಣಿಯಲ್ಲಿ ನಿಂತು ಹುಟ್ಟು ಹಿಡಿದುಕೊಂಡು ನೋಡಿದೆ. ಕುರ್ಚಿ ಅವನಿಗೆ ಹೋದಾಗ ಇಷ್ಟು ಉರಿದಿರಲಿಲ್ಲ. ಅವನ ದೋಣಿ ಒಂದು ಸಲವಾದರೂ ನಡುನೀರಿನಲ್ಲಿ ನಿಲ್ಲಬಾರದೇ ಎಂದು ಮನಸ್ಸು ಬಯಸಿತು. ಒಳಗೆ ಕೂತಿರುವುದು ನನ್ನ ಮಗಳೇ ಎಂಬುದು ಆಮೇಲೆ ಹೊಳೆಯಿತು. ಅಂದೇ ಈ ಪತ್ರಕ್ಕೆ ಕೂತೆ. ನೀವು ಅವನ ಕಡೆಯವರು, ನಿಮ್ಮ ಮಾತಿನಿಂದಲೇ ಅವನ ದೋಣಿಗೆ ಒಳ್ಳೆಯ ಹತ್ತಿ ಬಿದ್ದಿದೆ ಎಂದು ಬರೆದಿದ್ದೆ. ಆ ಸಾಲುಗಳನ್ನು ಈಗ ಹೊಡೆದು ಹಾಕಿದ್ದೇನೆ.

ಯಾಕೆ ಎಂದು ಹೇಳುತ್ತೇನೆ. ಬರೆದದ್ದಕ್ಕೆ ಪುರಾವೆ ಬೇಕಿತ್ತು. ಅವನು ಊಟಕ್ಕೆ ಹೋದಾಗ ಅವನ ದೋಣಿಗೆ ಇಳಿದೆ. ಮ್ಯಾಟು ಸರಿಸಿ, ಹೊಸ ನೆಲದ ಒಂದು ಹಲಗೆ ಎತ್ತಿ, ಆ ಒಳ್ಳೆಯ ಹತ್ತಿಯನ್ನು ಮುಟ್ಟಿ ನೋಡೋಣವೆಂದು ಕೈ ಇಳಿಸಿದೆ. ಮೊಣಕೈಯವರೆಗೆ ನೀರು. ಸಂದಿಗೆ ಬೆರಳು ತಾಕಿದ್ದೇ ತಡ, ಕೊಳೆತ ಹತ್ತಿ ಉಂಡೆಯಾಗಿ ಕೈಗೆ ಬಂತು. ಮೊದಲು ನನಗಾದದ್ದು ಸಂತೋಷ, ಸುಳ್ಳು ಹೇಳುವುದಿಲ್ಲ. ಆಮೇಲೆ ಮಗಳ ಬಿಳಿ ಶೂ ನೆನಪಾಯಿತು. ಅವಳು ದಿನಾ ಕಾಲಿಡುತ್ತಿದ್ದದ್ದು ಆ ನೀರನ್ನು ಮುಚ್ಚಿದ್ದ ಹಲಗೆಯ ಮೇಲೆ. ಇನ್ನೆರಡು ಜನ ಹೆಚ್ಚು ಹತ್ತಿದ್ದರೆ ಏನಾಗುತ್ತಿತ್ತು?

ತಲೆ ಎತ್ತಿದರೆ ಷಡ್ಡಕ ದಡದಲ್ಲಿ ನಿಂತಿದ್ದ.

“ಯಾಕೋ ಹೇಳ್ಲಿಲ್ಲ?” ಎಂದೆ.

“ಹೇಗೆ ಹೇಳ್ಲಿ ಅಣ್ಣ? ನಿಮ್ಮದು ಸೋರಲ್ಲ ಅಂತ ನೀವೇ ಎಲ್ಲರ ಹತ್ರ ಹೇಳ್ತಿದ್ರಿ. ನಿಮ್ಮ ದೋಣೀಲಿ ಜನ ಜಾಸ್ತಿ, ಕೂರೋಕೆ ಜಾಗ ಸಿಗಲ್ಲ ಅಂತ ಮಗಳು ಬೇರೆ ಹೇಳಿದ್ಲು. ನನ್ನದೊಂದೇ ಸೋರೋದು ಅಂತ ಗೊತ್ತಾದ್ರೆ ಮಾವನ ಮನೇಲಿ ಮುಖ ತೋರ್ಸೋದು ಹೇಗೆ?” ಆಮೇಲೆ ಸೇರಿಸಿದ: “ಅಲ್ಲಿ ಎಲ್ಲಾ ಮಾತಿಗೂ ನಿಮ್ಮನ್ನೇ ಕೇಳ್ತಾರೆ. ನನಗೆ ಹೊರಗಿನವನ ಹಾಗೆ ಕುರ್ಚಿ ಹಾಕ್ತಾರೆ.”

ನನ್ನ ಮಾನ ಉಳಿಸಲು ಮಗಳು ಹೇಳಿದ ಸುಳ್ಳನ್ನು ನಂಬಿ ಅವನೂ ಉರಿದುಕೊಂಡಿದ್ದ. ನಾವಿಬ್ಬರೂ ಹಚ್ಚಿಕೊಂಡ ಉರಿಯಲ್ಲಿ ಮೇಸ್ತ್ರಿ ತನ್ನ ರಾಳ ಕಾಯಿಸಿಕೊಂಡ. ಈ ದಡದಲ್ಲಿ ನಮ್ಮಂಥವರು ಇನ್ನೆಷ್ಟು ಮಂದಿ ಒಬ್ಬರನ್ನೊಬ್ಬರು ನೋಡಿ ಬಾಯಿ ಮುಚ್ಚಿಕೊಂಡಿದ್ದಾರೋ ತಿಳಿಯದು. ನಮ್ಮ ತಪ್ಪು ನಮ್ಮದೇ, ಒಪ್ಪುತ್ತೇನೆ. ಆದರೆ ಹೊಟ್ಟೆಕಿಚ್ಚು ಪಡುವುದು ನಮ್ಮ ಕೆಲಸವಲ್ಲ, ಉಚಿತವಾಗಿ ಮಾಡುತ್ತೇವೆ. ತಪಾಸಣೆ ನಿಮ್ಮ ಕೆಲಸ.

ಆದ್ದರಿಂದ ನನ್ನ ಬೇಡಿಕೆ ಇದು. ಇನ್ನು ಮುಂದೆ ದೋಣಿಯನ್ನು ನೀರಿಗಿಳಿಸಿ, ಜನರನ್ನು ತುಂಬಿ, ಒಳಗಿನ ಹಲಗೆಗಳನ್ನೆಲ್ಲ ಎತ್ತಿಸಿ ಪರೀಕ್ಷಿಸಿ. ಆಗ ನೀವು ಶೂ ಕಳಚಿ ಬರಿಗಾಲಲ್ಲಿ ಅದರೊಳಗೆ ಕೂತಿರಬೇಕು. ಪಕ್ಕದಲ್ಲಿ ಮೇಸ್ತ್ರಿಯೂ ಇರಲಿ. ಆಚೆ ದಡ ಮುಟ್ಟಿದ ಮೇಲೆ ಸೀಮೆಸುಣ್ಣ ತೆಗೆಯಿರಿ. ನಮ್ಮಿಬ್ಬರ ದೋಣಿಗಳಿಂದಲೇ ಶುರು ಮಾಡಿ. ತನ್ನದು ನನ್ನದಕ್ಕಿಂತ ಕಡಿಮೆ ಸೋರುತ್ತದೆ ಎಂದು ಇಲ್ಲಿ ಒಂದು ಮಾತು ಸೇರಿಸಬೇಕಂತೆ. ಷಡ್ಡಕ ಪಕ್ಕದಲ್ಲೇ ಕೂತು ಪೀಡಿಸುತ್ತಿದ್ದಾನೆ. ನಾನು ಸೇರಿಸುವುದಿಲ್ಲ, ನೀವೇ ಬಂದು ನೋಡಿ.

ಅಲ್ಲಿಯವರೆಗೆ ಎರಡೂ ದೋಣಿಗಳನ್ನು ದಡಕ್ಕೆ ಎಳೆದಿದ್ದೇವೆ. ಮಗಳು ಈಗ ದೂರದ ಸೇತುವೆ ಸುತ್ತಿಕೊಂಡು ಬಸ್ಸಿನಲ್ಲಿ ಹೋಗುತ್ತಾಳೆ. ಬೆಳಗ್ಗೆ ನಾವಿಬ್ಬರೂ ಇಲ್ಲಿ ನಿಂತು ಆ ಬಸ್ಸು ಸೇತುವೆ ದಾಟುವುದನ್ನು ನೋಡುತ್ತೇವೆ. ಅದರ ಡ್ರೈವರ್ ಯಾರೆಂದು ಗೊತ್ತಿಲ್ಲ. ನಮ್ಮ ಹುಡುಗಿಯನ್ನು ಒದ್ದೆಯಾಗದಂತೆ ಆಚೆ ಮುಟ್ಟಿಸುವ ಆ ಮನುಷ್ಯನನ್ನು ಕಂಡರೆ ಇಬ್ಬರಿಗೂ ಹೊಟ್ಟೆ ಉರಿಯುತ್ತದೆ.

ಇಂತಿ,
ದಡದ ಮೇಲೆ ಒಣಗುತ್ತಿರುವ ದೊಡ್ಡ ಅಳಿಯ
(ಚಿಕ್ಕ ಅಳಿಯನ ಒಪ್ಪಿಗೆಯಿದೆ, ತಕರಾರೂ ಇದೆ)